ಮಲೆನಾಡಿನ ಶೆಡ್ಡಿಗೆ ಎಂಥ ಏರ್ ಕಂಪ್ರೆಸರ್?

ಆಷಾಢದ ಒಂದು ಬೆಳಗ್ಗೆ ನಮ್ಮ ಶೆಡ್ಡಿನ ಕಂಪ್ರೆಸರ್ ಟ್ಯಾಂಕಿನ ತಳದ ಡ್ರೈನ್ ಕಾಕ್ ಸಡಿಲಿಸಿದೆ. ಬುಸ್ಸೆಂದು ಗಾಳಿ ಬರುತ್ತದೆ ಎಂದುಕೊಂಡಿದ್ದರೆ ಬಂದದ್ದು ಚಹಾದ ಬಣ್ಣದ ನೀರು. ಕೆಳಗಿಟ್ಟಿದ್ದ ಎರಡು ಲೀಟರಿನ ಡಬ್ಬ ಅರ್ಧ ತುಂಬಿತು. ವಾರವಿಡೀ ದಿನಕ್ಕೊಂದು ಗಂಟೆ ಯಂತ್ರ ಓಡಿಸಿ, ಒಮ್ಮೆಯೂ ತಳ ಬಿಚ್ಚದೆ ಬಿಟ್ಟಿದ್ದೆ. ಅದಕ್ಕೂ ಎರಡು ದಿನ ಮೊದಲು ಅದೇ ಗಾಳಿಯಿಂದ ಬಣ್ಣ ಹೊಡೆದಿದ್ದ ಗೇಟಿನ ಮೇಲೆ ಮಜ್ಜಿಗೆ ಚಿಮುಕಿಸಿದಂತೆ ಚುಕ್ಕೆಗಳೆದ್ದಿದ್ದವು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಕೊಳ್ಳುವಾಗ ನಾನು ಕೇಳಿದ ಪ್ರಶ್ನೆಗಳಲ್ಲಿ ನೀರಿನ ಮಾತೇ ಬಂದಿರಲಿಲ್ಲ, ಅಷ್ಟೇ.

ನಮ್ಮ ಕಡೆ ಈಗ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕಕ್ಕೊಂದು ಶೆಡ್ ಎದ್ದಿದೆ. ಅದರಲ್ಲೊಂದು ಜೀಪೋ ಕಾರೋ, ಎರಡು ಬೈಕು, ಟಿಲ್ಲರ್, ಕಳೆ ಕೊಚ್ಚುವ ಯಂತ್ರ, ಅಡಿಕೆ ಸುಲಿಯುವ ಯಂತ್ರ. ಟೈರಿನ ಗಾಳಿ ಇಳಿದರೆ ಮಳೆಯಲ್ಲಿ ಏಳೆಂಟು ಕಿಲೋಮೀಟರ್ ಆಚೆಯ ಪಂಕ್ಚರ್ ಅಂಗಡಿಗೆ ಹೋಗಬೇಕು. ಕಂಪ್ರೆಸರ್ ತರೋಣ ಎಂಬ ಯೋಚನೆ ಹುಟ್ಟುವುದು ಅಲ್ಲಿಂದ. ಆಮೇಲೆ ಶಿವಮೊಗ್ಗಕ್ಕೆ ಹೋಗಿ ಅಂಗಡಿಯಲ್ಲಿ ಮೊದಲು ಕೇಳುವುದು, ‘ಎಷ್ಟು ಎಚ್‌ಪಿ?’ ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಿಮಿಷಕ್ಕೆ ಎಷ್ಟು ಗಾಳಿ ಬೇಕು, ನಮ್ಮ ಮನೆಯ ಕರೆಂಟು ಅದನ್ನು ಎಬ್ಬಿಸಬಲ್ಲದೆ, ಗಾಳಿಯ ಜೊತೆ ಬರುವ ನೀರನ್ನು ಎಲ್ಲಿ ಇಳಿಸುವುದು ಎಂಬ ಮೂರು ಲೆಕ್ಕ ಮುಗಿದರೆ ಎಚ್‌ಪಿ ತಾನಾಗಿಯೇ ಗೊತ್ತಾಗುತ್ತದೆ.

ಕಂಪ್ರೆಸರಿನ ಕೆಲಸ ಸರಳ. ಮೋಟಾರು ಪಿಸ್ಟನ್ನನ್ನು ಆಡಿಸುತ್ತದೆ, ಪಿಸ್ಟನ್ ಹೊರಗಿನ ಗಾಳಿಯನ್ನು ಎಳೆದು ಹಿಂಡಿ ಟ್ಯಾಂಕಿಗೆ ತಳ್ಳುತ್ತದೆ. ಟ್ಯಾಂಕು ತುಂಬಿದಾಗ ಪ್ರೆಷರ್ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ, ಒತ್ತಡ ಇಳಿದಾಗ ಮತ್ತೆ ಎಬ್ಬಿಸುತ್ತದೆ. ಇಲ್ಲಿ ಒತ್ತಡ ಮತ್ತು ಪ್ರಮಾಣ ಎಂಬ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಪಂಕ್ಚರ್ ಅಂಗಡಿಯಲ್ಲಿ ‘ಮುಂದೆ 30, ಹಿಂದೆ 32’ ಎನ್ನುತ್ತೇವಲ್ಲ, ಅದು ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ. 14.5 ಪಿಎಸ್‌ಐ ಸೇರಿದರೆ ಒಂದು ಬಾರ್. ಮನೆಬಳಕೆಯ ಕಂಪ್ರೆಸರುಗಳು ಸಾಮಾನ್ಯವಾಗಿ 8 ಬಾರ್‌ವರೆಗೆ ಒತ್ತುತ್ತವೆ. ನಮ್ಮ ಯಾವ ಕೆಲಸಕ್ಕೂ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಹಾಗಾಗಿ ಒತ್ತಡದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಯಂತ್ರದಿಂದ ಯಂತ್ರಕ್ಕೆ ಅಜಗಜಾಂತರ ಇರುವುದು ಪ್ರಮಾಣದಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಎಂಬುದರಲ್ಲಿ. ಅಂಗಡಿಯಲ್ಲಿ ಇದನ್ನು ಸಿಎಫ್‌ಎಂ ಎನ್ನುತ್ತಾರೆ. ಒಂದು ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28 ಲೀಟರ್.

ಬಾವಿಯನ್ನು ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಪಂಪು ಬಾವಿಯ ಒರತೆ ಇದ್ದಂತೆ, ಟ್ಯಾಂಕು ಬಚ್ಚಲಿನ ಹಂಡೆ ಇದ್ದಂತೆ. ಹಂಡೆ ಎಷ್ಟೇ ದೊಡ್ಡದಿದ್ದರೂ ಒರತೆ ಸಣ್ಣದಾದರೆ ನಾಲ್ಕು ಜನ ಸ್ನಾನ ಮಾಡಿದ ಮೇಲೆ ಐದನೆಯವರು ಕಾಯಲೇಬೇಕು. 50 ಲೀಟರಿನ ಟ್ಯಾಂಕು 8 ಬಾರ್ ತುಂಬಿದಾಗ ಅದರೊಳಗೆ ಬಳಕೆಗೆ ಸಿಗುವ ಗಾಳಿ, ಹೊರಗಿನ ಲೆಕ್ಕದಲ್ಲಿ, 50 ಗುಣಿಸು 8, ಅಂದರೆ 400 ಲೀಟರ್. ಆದರೆ 6 ಬಾರ್‌ಗೆ ಇಳಿಯುವ ಹೊತ್ತಿಗೆ ಉಪಕರಣಗಳು ಸೋಲಲು ಶುರುವಾಗುತ್ತವೆ. ನಿಜವಾಗಿ ಹುರುಪಿನ ಕೆಲಸಕ್ಕೆ ಒದಗುವುದು 8ರಿಂದ 6ರವರೆಗಿನ 100 ಲೀಟರ್ ಮಾತ್ರ.

ಈಗ ಮನೆಯ ಕೆಲಸಗಳನ್ನು ಈ ಲೆಕ್ಕಕ್ಕೆ ತರೋಣ. ಸಣ್ಣ ಕಾರಿನ ಟೈರಿನೊಳಗೆ ಸುಮಾರು 25 ಲೀಟರ್ ಜಾಗವಿರುತ್ತದೆ. ಅದನ್ನು ಪೂರ್ತಿ ಖಾಲಿಯಿಂದ 32ಕ್ಕೆ ತರಲು 55 ಲೀಟರ್ ಗಾಳಿ ಸಾಕು. ಬೈಕಿನ ಟೈರಿಗೆ 15ರಿಂದ 20 ಲೀಟರ್. ಟ್ರ್ಯಾಕ್ಟರಿನ ಹಿಂದಿನ ಚಕ್ರ ನೋಡಲು ಭಯಂಕರ, ಅದಕ್ಕೆ ಬೇಕಾದ ಒತ್ತಡ ಮಾತ್ರ ಕಾರಿನದರ ಅರ್ಧದಷ್ಟು. ಒಳಗಿನ ಜಾಗ ದೊಡ್ಡದಾದ್ದರಿಂದ ಪೂರ್ತಿ ಇಳಿದಿದ್ದರೆ 200 ಲೀಟರಿನ ಆಸುಪಾಸು ಗಾಳಿ ಹಿಡಿಯುತ್ತದೆ. ಇವಕ್ಕೆಲ್ಲ ನಿಮಿಷಕ್ಕೆ 80–100 ಲೀಟರ್ ಕೊಡುವ, 1 ಎಚ್‌ಪಿಯ ಚಿಕ್ಕ ಯಂತ್ರ ಧಾರಾಳವಾಯಿತು. ಬರೀ ಕಾರು ಮತ್ತು ಬೈಕಿನ ಟೈರಿಗೆ ಗಾಳಿ ಹಾಕುವುದಷ್ಟೇ ಕೆಲಸವಾದರೆ ಅದೂ ಬೇಡ. ಕಾರಿನ ಬ್ಯಾಟರಿಯಿಂದಲೇ ಓಡುವ 12 ವೋಲ್ಟಿನ ಪುಟ್ಟ ಪಂಪು ತನ್ನ ಪಾಡಿಗೆ ಹತ್ತು ನಿಮಿಷ ಗೊರಗುಟ್ಟಿ ಕೆಲಸ ಮುಗಿಸುತ್ತದೆ. ಇದನ್ನು ಹೇಳಿದರೆ ಹಲವರಿಗೆ ನಿರಾಸೆಯಾಗುತ್ತದೆ, ಆದರೆ ಸುಮ್ಮನೆ ದುಡ್ಡು ಸುರಿಯಬೇಡಿ.

ಲೆಕ್ಕ ಬದಲಾಗುವುದು ಗಾಳಿಯನ್ನು ಹರಿಯಬಿಡುವ ಕೆಲಸಗಳಲ್ಲಿ. ಏರ್ ಫಿಲ್ಟರ್, ಕಾರ್ಬುರೇಟರ್, ಅಡಿಕೆ ಸುಲಿಯುವ ಯಂತ್ರದ ಮೂಲೆಯಲ್ಲಿ ಕೂತ ಸಿಪ್ಪೆಯ ದೂಳು, ಇವನ್ನು ಊದುವ ಗನ್ನಿನ ತೂತು 2 ಮಿಲಿಮೀಟರ್ ಇದ್ದರೂ 6 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 200 ಲೀಟರಿಗೂ ಹೆಚ್ಚು ಗಾಳಿ ತಿನ್ನುತ್ತದೆ. ಊದುವುದು ಬಿಟ್ಟುಬಿಟ್ಟು ಮಾಡುವ ಕೆಲಸವಾದ್ದರಿಂದ ಸಣ್ಣ ಯಂತ್ರದಲ್ಲೂ ನಡೆದುಹೋಗುತ್ತದೆ. ಚಕ್ರದ ನಟ್ಟು ಬಿಚ್ಚುವ ಅರ್ಧ ಇಂಚಿನ ಇಂಪ್ಯಾಕ್ಟ್ ಗನ್ನಿಗೆ ಸರಾಸರಿ 4–5 ಸಿಎಫ್‌ಎಂ. ಅದೂ ಸೆಕೆಂಡುಗಳ ಆಟ, ಟ್ಯಾಂಕು ಕಾಪಾಡುತ್ತದೆ. ಬಣ್ಣ ಹೊಡೆಯುವ ಸ್ಪ್ರೇ ಗನ್ನು ಬೇರೆ ಜಾತಿ. ಸಣ್ಣ ಗನ್ನಾದರೆ 4ರಿಂದ 6 ಸಿಎಫ್‌ಎಂ. ಬಣ್ಣ ಹೆಚ್ಚು ಹಾರದಂತೆ ಕಡಿಮೆ ಒತ್ತಡದಲ್ಲಿ ಹೊಡೆಯುವ ಎಚ್‌ವಿಎಲ್‌ಪಿ ಗನ್ನಾದರೆ 8ರಿಂದ 12. ಟ್ರಿಗರ್ ಒತ್ತಿದ ಮೇಲೆ ಒಂದು ಬಾಗಿಲು ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಗಾಳಿಯಿಂದ ಓಡುವ ಸ್ಯಾಂಡರ್, ಗ್ರೈಂಡರುಗಳ ಹಸಿವೂ ಇದೇ. ಅವುಗಳ ಆಸೆ ಬಿಟ್ಟು ಕರೆಂಟಿನ ಗ್ರೈಂಡರನ್ನೇ ಇಟ್ಟುಕೊಳ್ಳುವುದು ಮನೆಗೆ ಒಳ್ಳೆಯದು. ಅದಕ್ಕೆಂದೇ ಮೂರು ಪಟ್ಟು ದೊಡ್ಡ ಕಂಪ್ರೆಸರ್ ತರುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು, ಗಾಡಿ ತೊಳೆಯುವ ವಾಷರ್ ಎರಡೂ ನೀರನ್ನು ಒತ್ತುವ ಯಂತ್ರಗಳು. ಕಂಪ್ರೆಸರ್ ತಂದರೆ ಕೊಳೆರೋಗದ ಔಷಧಿಗೂ ಆಗುತ್ತದೆ, ಗಾಡಿ ತೊಳೆಯಲೂ ಆಗುತ್ತದೆ ಎಂದುಕೊಂಡು ಹೊರಟವರನ್ನು ನೋಡಿದ್ದೇನೆ. ಆಗುವುದಿಲ್ಲ.

ಯಂತ್ರದ ಮೇಲಿನ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಡಬ್ಬದ ಮೇಲೆ ದೊಡ್ಡದಾಗಿ ಬರೆದ ಸಿಎಫ್‌ಎಂ ಸಾಮಾನ್ಯವಾಗಿ ಪಿಸ್ಟನ್ ಎಳೆದುಕೊಳ್ಳುವ ಗಾಳಿಯ ಲೆಕ್ಕ. ಬಿಸಿ, ವಾಲ್ವುಗಳ ಸೋರಿಕೆ, ಸಿಲಿಂಡರಿನ ತುದಿಯಲ್ಲಿ ಉಳಿದುಹೋಗುವ ಗಾಳಿ ಎಲ್ಲ ಕಳೆದು ಟ್ಯಾಂಕಿಗೆ ನಿಜವಾಗಿ ಇಳಿಯುವುದು ಅದರ ಮುಕ್ಕಾಲು ಪಾಲು, ಕೆಲವೊಮ್ಮೆ ಇನ್ನೂ ಕಡಿಮೆ. ಈ ಇಳಿಯುವ ಗಾಳಿಗೆ ಎಫ್‌ಎಡಿ ಎನ್ನುತ್ತಾರೆ. ಕೇಳಬೇಕಾದ ಅಂಕಿ ಅದು. ಎಚ್‌ಪಿಯೂ ಹಾಗೆಯೇ. ಮೋಟಾರಿನ ಮೈಗೆ ಬಡಿದಿರುವ ತಗಡಿನಲ್ಲಿ ಆಂಪಿಯರ್ ಓದಿ. 230 ವೋಲ್ಟಿನಲ್ಲಿ ನಿಜವಾದ 2 ಎಚ್‌ಪಿ ಮೋಟಾರು 9–10 ಆಂಪಿಯರ್ ಎಳೆಯುತ್ತದೆ, 3 ಎಚ್‌ಪಿ ಸುಮಾರು 14. ತಗಡಿನಲ್ಲಿ 9 ಆಂಪಿಯರ್ ಎಂದಿದ್ದು ಡಬ್ಬದಲ್ಲಿ 3 ಎಚ್‌ಪಿ ಎಂದಿದ್ದರೆ ತಗಡನ್ನು ನಂಬಿ. ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿಯ ಸುರುಳಿ, ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಎಂದೂ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಇವೆಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆಯೊಂದಿದೆ. ಅಂಗಡಿಯಲ್ಲೇ ಮಾಡಬಹುದು, ಗಡಿಯಾರವೊಂದಿದ್ದರೆ ಸಾಕು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿ, ಎಲ್ಲ ಬಾಯಿ ಮುಚ್ಚಿಸಿ, ಯಂತ್ರ ಚಾಲೂ ಮಾಡಿಸಿ. ಮುಳ್ಳು ಸೊನ್ನೆಯಿಂದ 8 ಬಾರ್ ತಲುಪಲು ಎಷ್ಟು ಹೊತ್ತಾಯಿತು ನೋಡಿ. 50 ಲೀಟರಿನ ಟ್ಯಾಂಕು ನಾಲ್ಕು ನಿಮಿಷ ತೆಗೆದುಕೊಂಡರೆ, 400 ಲೀಟರನ್ನು ನಾಲ್ಕರಿಂದ ಭಾಗಿಸಿ. ನಿಮಿಷಕ್ಕೆ 100 ಲೀಟರ್, ಅಂದರೆ ಮೂರೂವರೆ ಸಿಎಫ್‌ಎಂ. ಬಿಸಿಗಾಳಿಯಿಂದ ಮುಳ್ಳು ತುಸು ಬೇಗ ಏರುತ್ತದೆ ಎಂಬುದನ್ನು ಬಿಟ್ಟರೆ ಈ ಲೆಕ್ಕ ಯಾರಿಗೂ ಸುಳ್ಳು ಹೇಳುವುದಿಲ್ಲ.

ಇನ್ನು ಕರೆಂಟು. ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿಗೆ ಊರು, ಗದ್ದೆ ಬಿಟ್ಟುಕೊಟ್ಟ ಸೀಮೆ ಇದು. ಆದರೂ ಕಾಡಿನಂಚಿನ ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಹೊತ್ತು 230 ಇರಬೇಕಾದಲ್ಲಿ 180 ವೋಲ್ಟ್ ಕಾಣುವುದು ಹೊಸ ಸುದ್ದಿಯಲ್ಲ. ಬಲ್ಬು ಮಂಕಾದರೂ ಉರಿಯುತ್ತದೆ, ಮೋಟಾರು ಹಾಗಲ್ಲ. ಅದರ ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಪ್ರಕಾರ ಇಳಿಯುತ್ತದೆ. 180 ವೋಲ್ಟಿನಲ್ಲಿ ಉಳಿಯುವುದು ಶೇಕಡಾ 61ರಷ್ಟು ಬಲ. ಕಂಪ್ರೆಸರ್ ಏಳುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಆಂಪಿಯರ್ ಎಳೆಯುತ್ತದೆ, ಆಗ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಮೋಟಾರು ತಿರುಗದೆ ಹೂಂಗುಟ್ಟುತ್ತಾ ಬಿಸಿಯಾಗುತ್ತದೆ. ಹಾಗೆ ಹೂಂಗುಟ್ಟಿದ ಮೋಟಾರನ್ನು ಎರಡೇ ಸೆಕೆಂಡಿನಲ್ಲಿ ಆರಿಸಬೇಕು, ಇಲ್ಲವಾದರೆ ವೈಂಡಿಂಗ್ ಸುಡುತ್ತದೆ. ಮನೆಯ ಯುಪಿಎಸ್‌ನಿಂದ ಇದನ್ನು ಎಬ್ಬಿಸುವ ಪ್ರಯತ್ನ ಬೇಡವೇ ಬೇಡ.

ಆದ್ದರಿಂದ ಕೊಳ್ಳುವ ಮೊದಲು ಒಂದು ವಾರ, ಬೆಳಗ್ಗೆ ಮತ್ತು ಸಂಜೆ, ಶೆಡ್ಡಿನ ಪ್ಲಗ್ಗಿನಲ್ಲೇ ಮೀಟರಿಟ್ಟು ವೋಲ್ಟೇಜ್ ನೋಡಿ ಬರೆದಿಟ್ಟುಕೊಳ್ಳಿ. 200ಕ್ಕಿಂತ ಕೆಳಗಿಳಿಯುವ ಮನೆಯಾದರೆ ಸಿಂಗಲ್ ಫೇಸಿನಲ್ಲಿ 3 ಎಚ್‌ಪಿಯ ಮಾತು ಬಿಡಿ. 2 ಎಚ್‌ಪಿಯೇ ಮೇಲ್ಮಿತಿ, 1 ಅಥವಾ 1.5 ಇನ್ನೂ ಕ್ಷೇಮ. ತೋಟದ ಪಂಪಿನ ತ್ರೀ ಫೇಸ್ ಇದೆಯಲ್ಲ ಎನ್ನುವವರಿದ್ದಾರೆ. ಅದು ನೀರಾವರಿಗೆಂದು ಕೊಟ್ಟ ಸಂಪರ್ಕ, ಬೇರೆ ಕೆಲಸಕ್ಕೆ ಎಳೆಯಲು ನಿಯಮ ಒಪ್ಪುವುದಿಲ್ಲ. ದಿನವಿಡೀ ಇರುವುದೂ ಇಲ್ಲ.

ವೈರಿನ ಬಗ್ಗೆ ಒಂದು ಮಾತು. ಮೀಟರ್ ಬೋರ್ಡಿನಿಂದ ಶೆಡ್ಡಿಗೆ 30 ಮೀಟರ್ ಇದೆ ಎಂದುಕೊಳ್ಳಿ. 1 ಚದರ ಮಿಲಿಮೀಟರಿನ ತೆಳು ವೈರಿನಲ್ಲಿ, ಮೋಟಾರು 50 ಆಂಪಿಯರ್ ಎಳೆದು ಏಳುವಾಗ, ದಾರಿಯಲ್ಲೇ 50 ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ಅದೇ 2.5ರ ತಾಮ್ರದ ವೈರಾದರೆ ನಷ್ಟ 22 ವೋಲ್ಟ್, 4ರದ್ದಾದರೆ 14. ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಕಂಪ್ರೆಸರ್ ಓಡಿಸಬೇಡಿ ಎಂದು ಹೇಳುವುದು ಇದಕ್ಕೇ. ದೂರದಲ್ಲಿ ಕೆಲಸವಿದ್ದರೆ ಯಂತ್ರವನ್ನು ಅದರ ಜಾಗದಲ್ಲೇ ಬಿಟ್ಟು ಗಾಳಿಯ ಹೋಸನ್ನು ಉದ್ದ ಮಾಡಿ. ಹೋಸಿನ ಒಳವ್ಯಾಸ 8 ಮಿಲಿಮೀಟರಿಗೆ ಕಡಿಮೆಯಿರದಿದ್ದರೆ ಹದಿನೈದು ಮೀಟರ್ ಎಳೆದರೂ ದೊಡ್ಡ ತೊಂದರೆಯಿಲ್ಲ.

ಮೋಟಾರು ನೇರವಾಗಿ ಪಿಸ್ಟನ್ನಿಗೆ ಕೂಡಿರುವ ಯಂತ್ರಗಳು ಹಗುರ, ಅಗ್ಗ. ಸಾಮಾನ್ಯವಾಗಿ ನಿಮಿಷಕ್ಕೆ 2,800 ಸುತ್ತು ತಿರುಗುತ್ತವೆ, ಅಷ್ಟೇ ಜೋರಾಗಿ ಕಿರಿಚುತ್ತವೆ. ಬೆಲ್ಟಿನದು ಭಾರ, ಬೆಲೆಯೂ ಹೆಚ್ಚು. ದೊಡ್ಡ ಚಕ್ರ ನಿಧಾನಕ್ಕೆ, ಸಾವಿರದೊಳಗಿನ ಸುತ್ತಿನಲ್ಲಿ ತಿರುಗುವುದರಿಂದ ಶಬ್ದ ಕಡಿಮೆ, ಸವೆತ ಕಡಿಮೆ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಈ ಶಬ್ದ ಸಣ್ಣ ವಿಷಯವೇನಲ್ಲ. ಹೊಸದಾಗಿ ಕರು ಹಾಕಿದ ಹಸು ಬೆದರಿ ಹಗ್ಗ ಜಗ್ಗುವುದನ್ನು ಒಮ್ಮೆ ನೋಡಿದರೆ ಬೆಲ್ಟಿನ ಯಂತ್ರಕ್ಕೆ ಕೊಟ್ಟ ಹೆಚ್ಚುವರಿ ಹಣ ಭಾರವೆನಿಸುವುದಿಲ್ಲ. ಆಯಿಲ್ ಇಲ್ಲದ ಯಂತ್ರಗಳಿಗೆ ಆರೈಕೆ ಕಡಿಮೆ, ಆಯುಸ್ಸೂ ಕಡಿಮೆ. ವಾರಕ್ಕೊಮ್ಮೆ ಟೈರಿಗೆ ಗಾಳಿ ಹಾಕುವ ಮನೆಗೆ ಅದು ಸರಿ. ವಾರಕ್ಕೆ ನಾಲ್ಕು ದಿನ ಕೆಲಸ ಮಾಡುವವರು ಆಯಿಲ್ಲಿನದನ್ನೇ ತನ್ನಿ. ಅದಕ್ಕೆ ಎಂಜಿನ್ ಆಯಿಲ್ ಹೊಯ್ಯದೆ, ಕಂಪ್ರೆಸರಿಗೆಂದೇ ಸಿಗುವ ಆಯಿಲ್ ಹಾಕಿ. ಯಾವ ಪಿಸ್ಟನ್ ಯಂತ್ರವನ್ನೂ ಬಿಡುವಿಲ್ಲದೆ ಓಡಿಸಬಾರದು. ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷವಾದರೂ ಅದು ಸುಮ್ಮನಿರುವಂತೆ ಕೆಲಸ ಹೊಂದಿಸಿಕೊಳ್ಳಬೇಕು.

ಈಗ ನೀರಿನ ಮಾತಿಗೆ ಬರುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮನೆಗಳಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಸಲು ಹಿಡಿಯುತ್ತದೆ. ಕಂಪ್ರೆಸರ್ ಎಳೆದುಕೊಳ್ಳುವುದು ಅದೇ ಗಾಳಿಯನ್ನು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿಯನ್ನು ಹೊರಬಲ್ಲದು. ಮಳೆಗಾಲದ ಶೇಕಡಾ 90ರ ತೇವಾಂಶದಲ್ಲಿ ಸುಮಾರು 21 ಗ್ರಾಂ ಇದ್ದೇ ಇರುತ್ತದೆ. ಆ ಗಾಳಿಯನ್ನು 8 ಬಾರ್‌ಗೆ ಹಿಂಡಿದಾಗ, ಹೊರಗಿನ ಗಾಳಿಗೆ ಮೊದಲೇ ಇರುವ ಒಂದು ಬಾರ್ ಒತ್ತಡವೂ ಸೇರಿ, ಅದು ಒಂಬತ್ತನೇ ಒಂದು ಪಾಲಿನ ಜಾಗಕ್ಕೆ ಕುಗ್ಗುತ್ತದೆ. ತಣಿದ ಮೇಲೆ ಅಷ್ಟು ಜಾಗ ಹಿಡಿದಿಟ್ಟುಕೊಳ್ಳುವ ಆವಿ ಎರಡೂವರೆ ಗ್ರಾಂ. ಮಿಕ್ಕ 18 ಗ್ರಾಂ ನೀರಾಗಿ ಇಳಿಯಲೇಬೇಕು. ನಿಮಿಷಕ್ಕೆ 150 ಲೀಟರ್ ಕೊಡುವ ಯಂತ್ರ ಒಟ್ಟು ಒಂದು ಗಂಟೆ ಓಡಿದರೆ 9 ಘನ ಮೀಟರ್ ಗಾಳಿ, 160 ಗ್ರಾಂ ನೀರು. ಒಂದು ಕಾಫಿ ಲೋಟ ತುಂಬಿತು. ಬೇಸಿಗೆಯಲ್ಲೂ ನೀರು ಬರುತ್ತದೆ, ಇಷ್ಟು ಬರುವುದಿಲ್ಲ.

ಈ ನೀರು ಪಂಪಿನ ಬಾಯಲ್ಲೇ ಇಳಿದಿದ್ದರೆ ಚಿಂತೆಯಿರಲಿಲ್ಲ. ಹಿಂಡಿದ ಗಾಳಿ 150 ಡಿಗ್ರಿ ದಾಟಿ ಬಿಸಿಯಾಗಿರುತ್ತದೆ, ಆಗ ನೀರು ಆವಿಯಾಗಿಯೇ ಜೊತೆಗೆ ಸಾಗುತ್ತದೆ. ಟ್ಯಾಂಕಿನಲ್ಲಿ ಒಂದಿಷ್ಟು ತಣಿದು ಒಂದಿಷ್ಟು ಇಳಿಯುತ್ತದೆ. ಉಳಿದದ್ದು ಹೋಸಿನಲ್ಲಿ, ಕೊನೆಗೆ ಸ್ಪ್ರೇ ಗನ್ನಿನ ಮೂತಿಯಲ್ಲಿ ಹನಿಯುತ್ತದೆ. ನನ್ನ ಗೇಟಿನ ಮೇಲೆ ಕೂತದ್ದು ಆ ಹನಿಗಳು. ನೀರು ತೆಗೆಯುವ ಫಿಲ್ಟರನ್ನು ಟ್ಯಾಂಕಿನ ಬಾಯಿಗೇ ಸಿಕ್ಕಿಸುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಗಾಳಿಗೆ ಇನ್ನೂ ಬಿಸಿಯಿದೆ, ಆವಿ ಫಿಲ್ಟರನ್ನು ದಾಟಿ ಹೋಗುತ್ತದೆ. ಟ್ಯಾಂಕಿನಿಂದ ಗೋಡೆಯುದ್ದಕ್ಕೂ ಏಳೆಂಟು ಮೀಟರ್ ಕಬ್ಬಿಣದ ಅಥವಾ ತಾಮ್ರದ ಪೈಪು ಓಡಿಸಿ, ಆಚೆ ತುದಿಗೆ ಸ್ವಲ್ಪ ಇಳಿಜಾರು ಕೊಡಿ. ಪೈಪಿನ ಮೈ ತಣ್ಣಗಿರುವುದರಿಂದ ನೀರು ಅಲ್ಲೇ ಹನಿಗಟ್ಟಿ ತುದಿಗೆ ಜಾರುತ್ತದೆ. ತುದಿಯಲ್ಲಿ ಕೆಳಮುಖವಾದ ತುಂಡು ಪೈಪು, ಅದರ ತಳಕ್ಕೊಂದು ನಲ್ಲಿ. ಬಳಸುವ ಗಾಳಿಯನ್ನು ಮೇಲುಭಾಗದಿಂದ ಕವಲು ತೆಗೆದು, ಫಿಲ್ಟರನ್ನು ಅಲ್ಲಿ ಕೂರಿಸಿ. ಪಿವಿಸಿ ಪೈಪನ್ನು ಮಾತ್ರ ಎಂದೂ ಬಳಸಬೇಡಿ. ಗಾಳಿಯ ಒತ್ತಡಕ್ಕೆ ಅದು ಬಿರಿದರೆ ಗಾಜಿನ ಚೂರಿನಂತೆ ಸಿಡಿಯುತ್ತದೆ. ಇಷ್ಟು ಮಾಡಿದ ಮೇಲೂ ಸುರಿವ ಮಳೆಯಲ್ಲಿ ಬಣ್ಣದ ಕೆಲಸ ಬೇಡ. ದೀಪಾವಳಿ ಕಳೆಯಲಿ.

ಕಂಪ್ರೆಸರ್ ಇಡುವ ಜಾಗವನ್ನೂ ಇದೇ ಕಣ್ಣಿನಿಂದ ನೋಡಬೇಕು. ಅಡಿಕೆ ಬೇಯಿಸುವ ಒಲೆಯ ಹತ್ತಿರ ಇಟ್ಟರೆ ಸುಗ್ಗಿಯುದ್ದಕ್ಕೂ ಹೊಗೆ, ಆವಿ ಎರಡನ್ನೂ ಕುಡಿಯುತ್ತದೆ. ಸುಲಿಯುವ ಯಂತ್ರದ ಪಕ್ಕದಲ್ಲಾದರೆ ಏರ್ ಫಿಲ್ಟರ್ ದೂಳಿನಿಂದ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಎರಡೇ ನಿಮಿಷ ಓಡಿಸಿ ನಿಲ್ಲಿಸುವ ಯಂತ್ರದ ಆಯಿಲ್ಲಿಗೂ ನೀರು ಸೇರುತ್ತದೆ. ಆಯಿಲ್ಲಿನ ಮಟ್ಟ ನೋಡುವ ಗಾಜಿನಲ್ಲಿ ಅದು ಮಜ್ಜಿಗೆಯಂತೆ ಬೆಳ್ಳಗೆ ಕಂಡರೆ ತಡಮಾಡದೆ ಬದಲಾಯಿಸಿ. ವಾರಕ್ಕೊಮ್ಮೆ ಗಾಳಿ ಹೊರಬಿಡುವ ನಲ್ಲಿಯನ್ನು ತುಸು ತೆರೆದಿಟ್ಟು, ನಡುವೆ ಬಿಡುವು ಕೊಡುತ್ತಾ ಯಂತ್ರದ ಮೈ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿದರೆ ಆ ತೇವ ಆರುತ್ತದೆ. ದಿನದ ಕೆಲಸ ಮುಗಿದ ಮೇಲೆ ಡ್ರೈನ್ ಕಾಕ್ ಬಿಚ್ಚುವುದನ್ನು ಕೊಟ್ಟಿಗೆಗೆ ಅಗಳಿ ಹಾಕುವಷ್ಟೇ ಕಡ್ಡಾಯವಾಗಿ ರೂಢಿಸಿಕೊಳ್ಳಿ. ಬಗ್ಗಿ ಬಿಚ್ಚಲು ಕಷ್ಟವಾದರೆ ತಳಕ್ಕೊಂದು ಪೈಪು ಕೂಡಿಸಿ, ಕೈಗೆ ಎಟಕುವಲ್ಲಿ ನಲ್ಲಿ ಇಡಿಸಿ.

ನೀರು ತೆಗೆಯದ ಟ್ಯಾಂಕು ಒಳಗಿನಿಂದ ತುಕ್ಕು ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ತಗಡು ತೆಳ್ಳಗಾಗುತ್ತಿರುತ್ತದೆ. 8 ಬಾರ್ ತುಂಬಿದ 100 ಲೀಟರಿನ ಟ್ಯಾಂಕಿನಲ್ಲಿ ಅಡಗಿರುವ ಶಕ್ತಿ ಸಣ್ಣ ಕಾರೊಂದನ್ನು ಒಂದು ಮಹಡಿಯ ಎತ್ತರಕ್ಕಿಂತ ಮೇಲೆ ಎತ್ತುವಷ್ಟು. ಅದು ಒಡೆದರೆ ಶೆಡ್ಡಿನಲ್ಲಿದ್ದವರು ಉಳಿಯುವುದು ಅದೃಷ್ಟ. ಒತ್ತಡ ಮಿತಿ ಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವಿನ ಉಂಗುರವನ್ನು ತಿಂಗಳಿಗೊಮ್ಮೆ ಎಳೆದು, ಗಾಳಿ ಬಿಡುತ್ತದೆಯೇ ನೋಡಿ. ಟ್ಯಾಂಕಿಗೆ ಸೂಜಿಯ ಮೊನೆಯಷ್ಟು ತೂತು ಬಿದ್ದರೂ ವೆಲ್ಡಿಂಗ್ ಮಾಡಿಸಬೇಡಿ, ಸುತ್ತಲಿನ ತಗಡೂ ಅಷ್ಟೇ ಸವೆದಿರುತ್ತದೆ. ಹಳೆಯ ಫ್ರಿಜ್ಜಿನ ಕಂಪ್ರೆಸರಿಗೆ ಗ್ಯಾಸ್ ಸಿಲಿಂಡರ್ ಕಟ್ಟಿ ಮನೆಯಲ್ಲೇ ಯಂತ್ರ ಮಾಡಿಕೊಳ್ಳುವವರಿಗೂ ಇದೇ ಕಾರಣಕ್ಕೆ ಕೈಮುಗಿದು ಬೇಡ ಎನ್ನುತ್ತೇನೆ.

ನಮ್ಮ ಮನೆಯ ಲೆಕ್ಕ ಹೀಗಿತ್ತು: ವೋಲ್ಟೇಜ್ 200ರಿಂದ 225, ಟೈರು ಮತ್ತು ಊದುವ ಕೆಲಸ ದಿನವೂ, ಬಣ್ಣ ವರ್ಷಕ್ಕೆ ಎರಡು ಬಾರಿ. ನನಗೆ ಒಗ್ಗಿದ್ದು ಬೆಲ್ಟಿನ, ಆಯಿಲ್ಲಿನ 2 ಎಚ್‌ಪಿ, 100 ಲೀಟರಿನ ಟ್ಯಾಂಕು. ಬಣ್ಣದ ಹಂಗಿಲ್ಲದವರಿಗೆ 1 ಎಚ್‌ಪಿ, 50 ಲೀಟರ್ ಸಾಕು. ಪೇಟೆಯ ಗ್ಯಾರೇಜಿನವರು ದೊಡ್ಡದು ತಂದು ಹಳೆಯದನ್ನು ಮಾರುವಾಗ ಕಡಿಮೆ ಬೆಲೆಗೆ ಒಳ್ಳೆಯ ಯಂತ್ರ ಸಿಗುವುದೂ ಉಂಟು. ಪಂಪು ಹಳೆಯದಾದರೆ ರಿಂಗು, ವಾಲ್ವು ಬದಲಿಸಬಹುದು. ಟ್ಯಾಂಕಿನ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ಡ್ರೈನ್ ಕಾಕ್ ಬಿಚ್ಚಿಸಿ, ಬರುವ ನೀರಿನಲ್ಲಿ ತುಕ್ಕಿನ ಹಕ್ಕಳೆಗಳಿವೆಯೇ ನೋಡಿ. ಟ್ಯಾಂಕಿನ ತುಂಬ ನೀರು ತುಂಬಿಸಿ, ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ಮಾಡಿ, ಕೈಪಂಪಿನಿಂದ 12 ಬಾರ್‌ವರೆಗೆ ಒತ್ತಿ ನೋಡುವವರ ಬಳಿ ಪರೀಕ್ಷೆ ಮಾಡಿಸಿ. ನೀರನ್ನು ಹಿಂಡಲಾಗದು, ಹಾಗಾಗಿ ಟ್ಯಾಂಕು ಸೀಳಿದರೂ ಸಿಡಿಯದೆ ಸೋರುತ್ತದೆ. ಮಾರುವವರು ಅದಕ್ಕೆ ಒಪ್ಪದಿದ್ದರೆ ಪಂಪು, ಮೋಟಾರು ಮಾತ್ರ ಬೆಲೆ ಕಟ್ಟಿ ತನ್ನಿ, ಟ್ಯಾಂಕನ್ನು ಅವರಲ್ಲೇ ಬಿಟ್ಟುಬನ್ನಿ.